ಮೂವತ್ತೊಂದನೆಯ ಒಲೆ

ಅಕ್ಟೋಬರ್ 7, ಮಂಗಳವಾರ

ಯವಾನ್ ಇವತ್ತು ಒಂದು ಕಾಗದ ತಂದು ನನ್ನ ಮೇಜಿನ ಮೇಲಿಟ್ಟು, ನಾನು ತಲೆ ಎತ್ತುವಷ್ಟರಲ್ಲಿ ಬಾಗಿಲ ಹತ್ತಿರ ಹೋಗಿದ್ದ. ಮೇಯರ್ ಆದಮೇಲೆ ಕಲಿತ ವಿದ್ಯೆ ಇದು. ಬೇಡದ ಕೆಲಸ ಇಟ್ಟು, ಹಸುಗಳ ನೆಪ ಹೇಳಿ ಮಾಯವಾಗುವುದು.

"ನಿಲ್ಲು. ಏನಿದು?"

"ಒಕ್ಕೂಟದವರು ಪುಸ್ತಕ ಮಾಡ್ತಾರಂತೆ, ಸೊಲಾಂಜ್. ಸುತ್ತಲಿನ ಇಪ್ಪತ್ತೆರಡು ಊರುಗಳದ್ದು. ಒಂದೊಂದು ಊರಿಗೆ ಒಂದೊಂದು ಪುಟ. ನಮ್ಮೂರಿನ ಪರಿಚಯ ನೀನು ಬರೆದುಬಿಡು."

"ಮೇಯರ್ ನೀನಾ, ನಾನಾ?"

"ಮೇಯರ್ ನಾನೇ. ಆದ್ರೆ ಯಾರ ಮನೇಲಿ ಏನು ಬೇಯ್ತಿದೆ ಅಂತ ಗೊತ್ತಿರೋದು ನಿನಗೆ."

ಹೊಗಳಿದನೋ ಚುಚ್ಚಿದನೋ ತಿಳಿಯಲಿಲ್ಲ. ಅಷ್ಟರಲ್ಲಿ ಅವನ ಟ್ರ್ಯಾಕ್ಟರ್ ಹೊರಟಿತ್ತು. ಇಪ್ಪತ್ತಾರು ವರ್ಷದಿಂದ ಈ ಊರ ಕಚೇರಿಯ ಕಾರ್ಯದರ್ಶಿ ನಾನು. ಮೂವರು ಮೇಯರ್‌ಗಳನ್ನು ನೋಡಿದ್ದೇನೆ, ಮೂವರೂ ಹೀಗೆಯೇ.

ಹತ್ತು ನಿಮಿಷದಲ್ಲಿ ಬರೆದು ಮುಗಿಸಿದೆ: "ಒರ್ಮೆವೋ. ಜನ 68. ಊರ ಕಾಡು 140 ಹೆಕ್ಟೇರ್. ಚರ್ಚು ಒಂದು. ಅಂಗಡಿ ಇಲ್ಲ. ಕಸುಬು: ಹೈನು. ಒಲೆ 31." ಕೊನೆಯಲ್ಲಿ "ಊರಿನ ವಿಶೇಷ" ಎಂದು ಒಂದು ಖಾನೆ ಇದೆ. ಅದನ್ನು ಖಾಲಿ ಬಿಟ್ಟೆ. ಇದನ್ನು ಓದಿ ಯಾರೂ ನಮ್ಮೂರಿಗೆ ಬರುವುದಿಲ್ಲ. ಬರದಿದ್ದರೆ ನನಗೇನೂ ಬೇಜಾರಿಲ್ಲ.

ರೆಜಿಸ್ ತೀರಿಕೊಂಡು ಬರುವ ಫೆಬ್ರವರಿಗೆ ಮೂರು ವರ್ಷ. ಈ ಪುಸ್ತಕದಲ್ಲಿ ಗೀಚುವುದು ಆಮೇಲೆ ಅಂಟಿಕೊಂಡ ಚಟ. ಊಟದ ಹೊತ್ತಿನಲ್ಲಿ ಗಂಡನಿಗೆ ದಿನದ ವರದಿ ಒಪ್ಪಿಸಿ ಅಭ್ಯಾಸವಾಗಿತ್ತು. ಅವನು ಕೇಳುತ್ತಿದ್ದನೋ ಇಲ್ಲವೋ ಅದು ಬೇರೆ ಮಾತು. ಇವತ್ತೂ ಬಟ್ಟಲು ಎರಡು ಇಳಿಸಿಬಿಟ್ಟೆ. ಒಂದನ್ನು ವಾಪಸು ಇಟ್ಟು ಗಂಜಿ ಕುಡಿದೆ.

ಅಕ್ಟೋಬರ್ 9, ಗುರುವಾರ

ಲೆಕ್ಕ ತಾಳೆಯಾಗುತ್ತಿಲ್ಲ!

ಪರಿಚಯದ ಪುಟಕ್ಕೆ ವಾಸದ ಮನೆಗಳ ಸಂಖ್ಯೆಯೂ ಬೇಕು. ಹೋದ ವರ್ಷದ ಜನಗಣತಿಯ ಕಾಗದ ತೆಗೆದು ನೋಡಿದರೆ ಮೂವತ್ತು. ಅಡುಗೆ ಬೇರೆ ಇದ್ದರೆ ಬೇರೆ ಮನೆ ಎಂದೇ ಅವರು ಎಣಿಸುವುದು. ನನ್ನ ಒಲೆಪಟ್ಟಿಯಲ್ಲಿ ಮೂವತ್ತೊಂದು. ಎಲ್ಲಿಂದ ಬಂತು ಈ ಒಂದು?

ಒಲೆಪಟ್ಟಿ ಎಂದರೆ ಹುಡುಗಾಟವಲ್ಲ. ಊರ ಕಾಡಿನ ಸೌದೆ ಹಂಚುವುದು ಅದನ್ನು ನೋಡಿಕೊಂಡೇ. ತಲೆ ಲೆಕ್ಕವಲ್ಲ, ಜಮೀನಿನ ಲೆಕ್ಕವಲ್ಲ, ಒಲೆಗೆ ಒಂದು ಪಾಲು. ಸ್ವಂತ ಒಲೆ ಇರಬೇಕು, ಅದೇ ಸೂರಿನ ಕೆಳಗೆ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಮಲಗಬೇಕು. ನವೆಂಬರಿನಲ್ಲಿ ಟೋಪಿಯೊಳಗೆ ಚೀಟಿ ಹಾಕಿ ಎತ್ತುತ್ತೇವೆ. ಬಂದ ಸಂಖ್ಯೆ ಯಾವ ಮರಗಳ ಮೇಲಿದೆಯೋ ಅವು ಆ ಒಲೆಗೆ. ನನ್ನ ಅಜ್ಜನ ಅಜ್ಜನೂ ಹೀಗೆಯೇ ಎತ್ತಿದ್ದು.

ಪೆನ್ಸಿಲ್ ಹಿಡಿದು ಕೂತೆ. ಹಳೇ ಪಟ್ಟಿ ನೋಡಿಕೊಂಡು ಹೊಸ ಪಟ್ಟಿ ಬರೆಯುವುದು ಪ್ರತಿ ವರ್ಷದ ಕೆಲಸ. ಕಣ್ಣು ಮುಚ್ಚಿ ಬರೆಯಬಲ್ಲೆ. ಬೊನ್ನೋ ಅಣ್ಣ, ಬೊನ್ನೋ ತಮ್ಮ, ನಾನು, ಜಾಕೋ ಆನ್ಸೆಲ್ಮ್, ಪೆರ್ನೋ ಯವಾನ್, ತುರ್ನೂ, ವಾಶೆರೆ ಅಜ್ಜಿ, ಎಲ್ಲಕ್ಕೂ ಗುರುತು ಹಾಕಿಕೊಂಡು ಹೋದೆ. ಒಂದೊಂದು ಹೆಸರಿಗೂ ಮುಖ ಕಣ್ಣ ಮುಂದೆ ಬಂತು. ಒಂದೂ ತಪ್ಪಿಲ್ಲ.

ಹಾಗಾದರೆ ಯಾರೋ ಇಲ್ಲದ ಒಲೆಗೆ ಸೌದೆ ತಿನ್ನುತ್ತಿದ್ದಾರೆ. ಎಷ್ಟೋ ದಿನಗಳ ಮೇಲೆ ನನಗೆ ಮೈಯಲ್ಲಿ ಉತ್ಸಾಹ ಬಂದಿದೆ. ಕಂಡುಹಿಡಿಯದೆ ಬಿಡುವುದಿಲ್ಲ.

ಅಕ್ಟೋಬರ್ 14, ಮಂಗಳವಾರ

ಗೇಟಿನ ಮನೆಯವಳು ಬಂದಿದ್ದಳು. ಮಾಯ್ವೆನ್ ಎಂದು ಹೆಸರು, ಮೂವತ್ತನಾಲ್ಕು ವಯಸ್ಸು, ಪಶ್ಚಿಮದ ಕಡಲ ತೀರದ ಬ್ರಿಟನಿಯವಳು. ಕುದುರೆಗಳಿಗೆ ಲಾಳ ಹೊಡೆಯುವುದು ಕಸುಬು. ರೈಲು ನಿಂತುಹೋದ ಹಳಿಯ ಪಕ್ಕದಲ್ಲಿ ಗೇಟು ಕಾಯುವವನ ಹಳೇ ಮನೆ ಇದೆಯಲ್ಲ, ಅದನ್ನು ಮೇ ತಿಂಗಳಲ್ಲಿ ಬಾಡಿಗೆಗೆ ಹಿಡಿದಿದ್ದಾಳೆ. ಇಷ್ಟು ದಿನ ನಾನು ಅವಳನ್ನು ಮಾತಾಡಿಸಿರಲಿಲ್ಲ. ಬಂದವರು ಹೋಗುತ್ತಾರೆ, ಪರಿಚಯ ಯಾಕೆ ಎಂದುಕೊಂಡಿದ್ದೆ.

"ಮದಾಂ ತುರ್ನೂ, ನನ್ನ ಹೆಸರೂ ಒಲೆಪಟ್ಟಿಗೆ ಸೇರಿಸ್ಕೊಳ್ತೀರಾ? ಆ ಮನೇಲಿರೋದು ಸೌದೆ ಒಲೆ ಒಂದೇ. ಕರೆಂಟ್ ಹೀಟರ್ ಹಾಕಿದ್ರೆ ಫ್ಯೂಸ್ ಹೋಗುತ್ತೆ."

"ಜುಲೈ ಒಳಗೆ ಕೇಳಬೇಕಿತ್ತು. ಅರಣ್ಯದವನು ಆಗಸ್ಟಲ್ಲೇ ಮೂವತ್ತೊಂದು ಪಾಲಿಗೆ ಗುರುತು ಹಾಕಿ ಹೋದ. ಮೂವತ್ತೆರಡನೇದು ಇಲ್ಲ."

"ನನಗೆ ಗೊತ್ತಿರಲಿಲ್ಲ."

"ಕಚೇರಿ ಬಾಗಿಲಿಗೆ ಅಂಟಿಸಿದ್ದೆ."

"ಇಡೀ ದಿನ ಕುದುರೆ ಕಾಲ ಹತ್ರ ಬಗ್ಗಿರೋರಿಗೆ ಬಾಗಿಲು ಕಾಣಲ್ಲ, ಮದಾಂ."

ಮೂಲೆಯಲ್ಲಿ ಪೇಪರ್ ಓದುತ್ತಿದ್ದ ಆನ್ಸೆಲ್ಮ್ ನಕ್ಕುಬಿಟ್ಟ. ಎಪ್ಪತ್ತನಾಲ್ಕಾದರೂ ಮರ ಕಡಿಯುವ ಕೆಲಸಕ್ಕೆ ಊರ ಪರವಾಗಿ ಹೊಣೆ ನಿಲ್ಲುವ ಮೂವರಲ್ಲಿ ಅವನೇ ದೊಡ್ಡವನು.

"ಈಗ ಪಾಲು ಸಿಕ್ಕಿ ಏನು ಮಾಡ್ತೀಯಮ್ಮಾ? ಹಸಿ ಮರ ಒಣಗೋಕೆ ಎರಡು ವರ್ಷ ಬೇಕು."

"ಪಾಲಿದ್ರೆ ಯಾರ ಹತ್ರನಾದ್ರೂ ಒಣಗಿದ್ದಕ್ಕೆ ಬದಲಾಯಿಸ್ಕೋಬಹುದು ಅಂದ್ರು. ಪಾಲೇ ಇಲ್ಲದೆ ಏನು ಬದಲಾಯಿಸ್ಲಿ? ಈಗ ಹಳೇ ಪೆಟ್ಟಿಗೆ ಒಡೆದು ಉರಿಸ್ತಿದ್ದೀನಿ. ಸಿಗದಿದ್ರೆ ಕ್ರಿಸ್‌ಮಸ್ ಹೊತ್ತಿಗೆ ಹೊರಡ್ತೀನಿ."

ಅವಳು ಕೇಳಿದ್ದು ಸರಿಯೇ. ಊರ ಕಾಡಿನ ಸೌದೆ ಮಾರುವಂತಿಲ್ಲ, ಹಸಿ ಪಾಲಿಗೆ ಒಣ ಪಾಲು ಬದಲಾಯಿಸಬಹುದು. ಆದರೆ ನಿಯಮ ನಿಯಮವೇ. ಅವಳು ಹೋದ ಮೇಲೆ ಆನ್ಸೆಲ್ಮ್‌ಗೆ ಹೇಳಿದೆ: "ಪಟ್ಟಿಯಲ್ಲಿ ಒಂದು ಸುಳ್ಳು ಒಲೆ ಸೇರಿಕೊಂಡಿದೆ. ನಾನು ಅದನ್ನ ಹಿಡಿದ ದಿನ ಆ ಪಾಲು ಈ ಹುಡುಗಿಗೆ. ಯಾರ ಹೆಸರಾದ್ರೂ ಸರಿ, ಮುಲಾಜಿಲ್ಲ."

ಆನ್ಸೆಲ್ಮ್ ಪೇಪರನ್ನು ನಾಲ್ಕಾಗಿ, ಆಮೇಲೆ ಎಂಟಾಗಿ ಮಡಚಿದ. "ಬಿಡು ಮಾರಾಯ್ತಿ. ಒಂದು ಒಲೆ ಹೆಚ್ಚಿದ್ರೆ ಕಾಡೇನು ಖಾಲಿಯಾಗುತ್ತಾ?"

ಇಷ್ಟು ಸಡಿಲ ಮನುಷ್ಯ ಹೊಣೆಗಾರ! ಅವನ ಮೇಲೂ ಒಂದು ಕಣ್ಣಿಡಬೇಕು.

ಅಕ್ಟೋಬರ್ 18, ಶನಿವಾರ

ಬೆಳಿಗ್ಗೆ ಬೂಟು ಹಾಕಿಕೊಂಡು ಊರ ಮೇಲಿನ ದಿಬ್ಬ ಹತ್ತಿದೆ. ಚಳಿ ಬಿದ್ದಿತ್ತು, ಎಲ್ಲರೂ ಒಲೆ ಹಚ್ಚಿದ್ದರು. ಹೊಗೆ ಎಣಿಸಿದೆ. ಎರಡು ಸಲ ಎಣಿಸಿದೆ. ಇಪ್ಪತ್ತೊಂಬತ್ತು, ನಾನು ಆರಿಸಿ ಬಂದ ನನ್ನ ಒಲೆ ಸೇರಿ ಮೂವತ್ತು. ಗೇಟಿನ ಮನೆಯ ಚಿಮಣಿಯಲ್ಲಿ ಹೊಗೆ ಇರಲಿಲ್ಲ.

ಅಲ್ಲಿಂದ ನಮ್ಮೂರನ್ನು ಹೀಗೆ ನೋಡಿ ಎಷ್ಟು ಕಾಲವಾಗಿತ್ತು! ವಾಶೆರೆ ಅಜ್ಜಿ ಒಗೆದ ಬಟ್ಟೆಯನ್ನು ಈಗಲೂ ಗೋರಿಗಳ ಕಡೆಗೆ ಬೆನ್ನು ಹಾಕಿಯೇ ಒಣಹಾಕುತ್ತಾಳೆ. ಯವಾನ್‌ನ ಹಸುಗಳು ಹಳೇ ಹಳಿಯ ಮೇಲೆ ಸಾಲಾಗಿ ನಡೆಯುತ್ತವೆ, ಪಕ್ಕದಲ್ಲಿ ಅಷ್ಟು ಹುಲ್ಲಿದ್ದರೂ. ಯಾಕೆಂದು ಕೇಳಬೇಕು. ಪರಿಚಯದ ಪುಟಕ್ಕೆ ಇದನ್ನೂ ಬರೆದುಕೊಂಡೆ.

ಇಳಿದು ನೇರ ಬೊನ್ನೋಗಳ ಮನೆಗೆ ಹೋದೆ. ನನ್ನ ಅನುಮಾನವೆಲ್ಲ ಅವರ ಮೇಲೆ. ಸಿಪ್ರಿಯೆನ್ ಮತ್ತು ಫೆರ್ನಾಂ, ಇಬ್ಬರಿಗೂ ಮದುವೆಯಿಲ್ಲ. ತಾಯಿ ತೀರಿಕೊಂಡ ವರ್ಷ ಒಂದು ಗಡಿಯಾರಕ್ಕಾಗಿ ಜಗಳವಾಡಿ ಅಡುಗೆಮನೆಯ ನಡುವೆ ಗೋಡೆ ಎಬ್ಬಿಸಿ, ಎರಡು ಒಲೆ ಮಾಡಿಕೊಂಡರು. ಅದಕ್ಕೆ ಹದಿನೇಳು ವರ್ಷ. ಗಡಿಯಾರ ಆಗಲೇ ನಿಂತುಹೋಗಿತ್ತು.

"ಗೋಡೆ ತೆಗೆದಿದ್ದೀರೇನೋ ನೋಡೋಕೆ ಬಂದೆ," ಎಂದೆ.

"ಬಾ, ಬಂದು ತಟ್ಟಿ ನೋಡು," ಎಂದ ಫೆರ್ನಾಂ. ತಟ್ಟಿದೆ. ಆ ಕಡೆಯಿಂದ ಸಿಪ್ರಿಯೆನ್ ಕೂಗಿದ: "ಯಾರದು ನನ್ನ ಗೋಡೆ ತಟ್ತಿರೋದು?"

"ನಿನ್ನ ಗೋಡೆಯಂತೆ! ಇಟ್ಟಿಗೆ ತಂದಿದ್ದು ಯಾರು?"

"ಗಾರೆ ಕಲಸಿದ್ದು ಯಾರು?"

ಎರಡೂ ಒಲೆಯಲ್ಲಿ ಬೆಂಕಿ ಇತ್ತು, ಎರಡೂ ಒಲೆಯ ಮೇಲೆ ಒಂದೇ ಥರದ ಸಾಸೇಜು ಬೇಯುತ್ತಿತ್ತು. ಹೊಗೆಯೂ ಎರಡು. ಇಲ್ಲಿ ಸುಳ್ಳಿಲ್ಲ ಎಂದು ಬರೆದುಕೊಂಡು ಬಂದೆ, ಸ್ವಲ್ಪ ನಿರಾಸೆಯಿಂದ.

ಅಕ್ಟೋಬರ್ 21, ಮಂಗಳವಾರ

ಪ್ಯಾರಿಸಿನವರ ಮನೆಯೂ ಅಲ್ಲ. ಆಗಸ್ಟಿಗೆ ಮಾತ್ರ ಬಂದು ಹೋಗುವ ಅವರ ಹೆಸರು ಪಟ್ಟಿಯಲ್ಲೇ ಇಲ್ಲ. ಆನ್ಸೆಲ್ಮ್ "ಅವರನ್ನ ನೋಡು, ಅವರನ್ನ ನೋಡು" ಎಂದು ಎರಡು ದಿನ ನನ್ನನ್ನು ಸುಮ್ಮನೆ ಓಡಾಡಿಸಿದ.

ಅಕ್ಟೋಬರ್ 25, ಶನಿವಾರ

ಆನ್ಸೆಲ್ಮ್ ಮನೆಗೆ ಬಂದಿದ್ದ. ಸೌದೆ ಕೊಟ್ಟಿಗೆಯ ಮುಂದೆ ತುಂಬ ಹೊತ್ತು ನಿಂತಿದ್ದ. ಅದು ಸೂರಿನವರೆಗೆ ತುಂಬಿದೆ. ಜಾಗ ಸಾಲದೆ ಒಂದು ಸಾಲು ಹೊರಗೆ, ಸೇಬಿನ ಮರದ ಕೆಳಗೆ ಬಂದಿದೆ. ಒಬ್ಬಳಿಗೆ ಎಷ್ಟು ಸೌದೆ ಬೇಕು? ರೆಜಿಸ್ ಇದ್ದಾಗ ಏಪ್ರಿಲ್ ಹೊತ್ತಿಗೆ ನೆಲ ಕಾಣುತ್ತಿತ್ತು. ಅವನು ಕಿಟಕಿ ತೆಗೆದಿಟ್ಟು ಒಲೆ ಉರಿಸುವ ಪೈಕಿ. ಪ್ರತಿ ಚಳಿಗಾಲವೂ ಅದೇ ಜಗಳ.

"ಎಷ್ಟೊಂದು ಮಿಕ್ಕಿದೆ ನೋಡು," ಎಂದೆ. "ನಾನು ಕಡಿಮೆ ಉರಿಸ್ತೀನಿ."

"ಹೌದು ಹೌದು, ಕಡಿಮೆ ಉರಿಸ್ತೀಯ," ಎಂದ. ಕೈಯಲ್ಲಿದ್ದ ಟೋಪಿಯನ್ನು ಬುಗುರಿಯ ಹಾಗೆ ತಿರುಗಿಸುತ್ತ, "ಸೊಲಾಂಜ್, ಪಟ್ಟಿ ವಿಷಯ..." ಎಂದು ಶುರು ಮಾಡಿದ.

"ಕಾಫಿ ಕುಡೀತೀಯಾ?"

ಕುಡಿದ. ಎರಡು ಲೋಟ ಕುಡಿದ. ಪ್ಲಮ್ಮಿನ ಸಾರಾಯಿ ಒಂದು ಹನಿ ಹಾಕಿಕೊಟ್ಟೆ. ಹವೆಯ ಬಗ್ಗೆ ಮಾತಾಡಿ ಎದ್ದು ಹೋದ. ಅವನಿಗೆ ಯಾರದೋ ಗುಟ್ಟು ಗೊತ್ತಿದೆ, ಬಾಯಿ ಬಿಡುತ್ತಿಲ್ಲ. ಯಾರನ್ನು ಕಾಪಾಡುತ್ತಿದ್ದಾನೆ?

ನವೆಂಬರ್ 1, ಶನಿವಾರ

ಸಂತರ ಹಬ್ಬ. ಸೇವಂತಿಗೆ ಕುಂಡ ತೆಗೆದುಕೊಂಡು ಸ್ಮಶಾನಕ್ಕೆ ಹೋದೆ. ರೆಜಿಸ್‌ನ ಕಲ್ಲಿಗೆ ಪಾಚಿ ಹತ್ತುತ್ತಿದೆ, ಬ್ರಶ್ ಹಾಕಿ ಉಜ್ಜಿದೆ. ಉಜ್ಜುತ್ತ ಅವನಿಗೆ ಒಲೆಯ ವಿಷಯ ಪೂರ್ತಿ ಹೇಳಿದೆ. ಅವನಾಗಿದ್ದರೆ "ನಿನಗೆ ಯಾಕೆ ಬೇಕು" ಎನ್ನುತ್ತಿದ್ದ, ಆಮೇಲೆ ತಾನೇ ದಿಬ್ಬ ಹತ್ತಿ ಹೊಗೆ ಎಣಿಸುತ್ತಿದ್ದ.

ಹೊರಗೆ ಬರುವಾಗ ಗೇಟಿನಲ್ಲಿ ಯವಾನ್, ಆನ್ಸೆಲ್ಮ್, ಫೆರ್ನಾಂ ತಲೆ ಸೇರಿಸಿ ನಿಂತಿದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿದರು. ಯವಾನ್ ಆಕಾಶ ನೋಡಿದ, ಫೆರ್ನಾಂ ಬೂಟು ನೋಡಿಕೊಂಡ.

"ಪಿಸುಪಿಸು ಮಾತಾಡೋದಿದ್ರೆ ಸ್ಮಶಾನದ ಒಳಗೆ ಹೋಗಿ, ಅಲ್ಲಿರೋರು ಯಾರಿಗೂ ಹೇಳಲ್ಲ," ಎಂದೆ. ಮೂವರೂ ನಗಲಿಲ್ಲ.

ನವೆಂಬರ್ 6, ಗುರುವಾರ

ಸಿಕ್ಕಿಬಿದ್ದ! ಅವನೇ ಬಂದು ಒಪ್ಪಿಕೊಂಡ!

ಫೆರ್ನಾಂ ಬೊನ್ನೋ. ಊರಿನಲ್ಲೇ ಮಹಾ ಜಿಪುಣ. ಬಿದ್ದ ಮೊಳೆಯನ್ನೂ ನೆಟ್ಟಗೆ ಮಾಡಿ ಇಟ್ಟುಕೊಳ್ಳುವ ಆಸಾಮಿ. ಕಚೇರಿಗೆ ಬಂದು ನಿಂತುಕೊಂಡೇ ಹೇಳಿದ:

"ಆ ಸುಳ್ಳು ಒಲೆ ನಂದೇ, ಸೊಲಾಂಜ್. ನನ್ನ ಹೆಸರು ಹೊಡೆದುಹಾಕು."

"ನಿನ್ನ ಒಲೇಲಿ ಬೆಂಕಿ ನೋಡಿದೆನಲ್ಲೋ?"

"ಅದು... ನೀನು ಬರ್ತೀಯ ಅಂತ ಹಚ್ಚಿದ್ದು. ಅಣ್ಣನ ಬೆಂಕೀಲೇ ಕಾಯಿಸ್ಕೋತೀನಿ. ಗೋಡೆ ಬೆಚ್ಚಗಿರುತ್ತೆ."

"ಎಷ್ಟು ವರ್ಷದಿಂದ ಹೀಗೆ ಮೋಸ ಮಾಡ್ತಿದ್ದೀಯ?"

ಅವನು ಮೇಲೆ ನೋಡಿ ಲೆಕ್ಕ ಹಾಕಿದ. "ಎರಡು ವರ್ಷ ಅಂತ ಬರ್ಕೋ."

ಬರ್ಕೋ ಅಂತೆ! ನಾಚಿಕೆಯಾದರೂ ಇದೆಯೇ ನೋಡಿ. ಅವನ ಹೆಸರಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದೆ, ಕೆಳಗೆ ಮಾಯ್ವೆನ್ ಹೆಸರು ಸೇರಿಸಿದೆ, ಪಟ್ಟಿಯನ್ನು ಬಾಗಿಲಿಗೆ ಅಂಟಿಸಿದೆ. ಇಪ್ಪತ್ತೆರಡಕ್ಕೆ ಚೀಟಿ ಎತ್ತುವುದು. ಯವಾನ್ ಬಂದು ಪಟ್ಟಿ ಓದಿ, "ಫೆರ್ನಾಂ ನಿಜವಾಗ್ಲೂ ಬಂದ್ನಾ!" ಎಂದ. ನನಗೆ ಗೆದ್ದ ಸಂತೋಷ ಇರಬೇಕಿತ್ತು. ಇತ್ತು ಕೂಡ, ಮಧ್ಯಾಹ್ನದವರೆಗೆ. ಆಮೇಲೆ ಆ ಎರಡನೇ ಸಾಸೇಜು ನೆನಪಾಯಿತು. ನಾನು ಬರುವುದು ಅವನಿಗೆ ಹೇಗೆ ಗೊತ್ತಿತ್ತು? ನಾನು ಯಾರಿಗೂ ಹೇಳಿರಲಿಲ್ಲ.

ನವೆಂಬರ್ 11, ಮಂಗಳವಾರ

ಮಹಾಯುದ್ಧ ಮುಗಿದ ದಿನ. ಸ್ಮಾರಕದ ಮುಂದೆ ಯವಾನ್ ಸತ್ತ ಸೈನಿಕರ ಹೆಸರು ಓದಿದ. ಹದಿನಾಲ್ಕು ಹೆಸರು, ಪ್ರತಿ ಹೆಸರಿಗೂ ನಾವೆಲ್ಲ "ದೇಶಕ್ಕಾಗಿ ಮಡಿದ" ಎಂದೆವು. ಆಮೇಲೆ ಕಚೇರಿಯಲ್ಲಿ ಒಂದೊಂದು ಲೋಟ ವೈನು. ಮಾಯ್ವೆನ್ ಕೂಡ ಬಂದಿದ್ದಳು, ಎಲ್ಲರ ಕೈ ಕುಲುಕಿದಳು. ಪಟ್ಟಿಯಲ್ಲಿರುವವರ ಮನೆಗೆಲ್ಲ ಹೋಗಿ ಪರಿಚಯ ಹೇಳಿಕೊಳ್ಳುತ್ತಾಳಂತೆ, ತನ್ನೂರ ಕಡೆಯ ಬೆಣ್ಣೆ ಬಿಸ್ಕತ್ತು ತೆಗೆದುಕೊಂಡು. ಒಳ್ಳೆಯ ಹುಡುಗಿ. ಹಸುಗಳು ಯಾಕೆ ಹಳಿಯ ಮೇಲೆ ನಡೆಯುತ್ತವೆ ಎಂದು ಅವಳನ್ನೇ ಕೇಳಿದೆ. "ಜಲ್ಲಿ ಇದೆಯಲ್ಲ, ಗೊರಸಿಗೆ ಕೆಸರು ಹತ್ತಲ್ಲ," ಎಂದಳು. ಅರವತ್ತೊಂದು ವರ್ಷ ಇಲ್ಲೇ ಇದ್ದು ನನಗೆ ಹೊಳೆದಿರಲಿಲ್ಲ.

ಆನ್ಸೆಲ್ಮ್ ಎರಡನೇ ಲೋಟದ ಮೇಲೆ, "ಈ ಸತ್ತವರ ಪಟ್ಟಿ ಮಾತ್ರ ಸರಿಯಾಗಿ ಇಟ್ಟಿದ್ದೀಯಮ್ಮ," ಎಂದ. ಎಲ್ಲ ಪಟ್ಟಿಯನ್ನೂ ಸರಿಯಾಗಿಯೇ ಇಟ್ಟಿದ್ದೇನೆ ಎಂದೆ.

ನವೆಂಬರ್ 14, ಶುಕ್ರವಾರ

ಮಾಯ್ವೆನ್ ಬಂದಿದ್ದಳು. ಬಿಸ್ಕತ್ತಿನ ಕೊನೆಯ ಪೊಟ್ಟಣ ಕೈಯಲ್ಲಿತ್ತು, ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಳು.

"ಎಲ್ಲರ ಮನೆಗೂ ಹೋಗಿ ಬಂದೆ, ಮದಾಂ. ಒಬ್ಬರ ಮನೆ ಮಾತ್ರ ಸಿಗಲಿಲ್ಲ. ಯಾರನ್ನ ಕೇಳಿದ್ರೂ ಮಾತು ಬದಲಾಯಿಸ್ತಾರೆ. ನಿಮ್ಮ ನೆಂಟರೇ ಇರಬೇಕು, ಹೆಸರು ಅದೇ. ತುರ್ನೂ ರೆಜಿಸ್ ಅಂತ. ಎಲ್ಲಿರ್ತಾರೆ ಅವರು?"

ನವೆಂಬರ್ 15, ಶನಿವಾರ

ಏನೂ ಬರೆಯುವುದಿಲ್ಲ.

ನವೆಂಬರ್ 18, ಮಂಗಳವಾರ

ಇವತ್ತು ಕಚೇರಿಗೆ ಹೋದೆ. ಹೋದ ವರ್ಷದ ಮತ್ತು ಅದರ ಹಿಂದಿನ ವರ್ಷದ ಚೀಟಿ ಪುಸ್ತಕ ತೆಗೆದೆ. ದೊದಾನ್ ಸೊಲಾಂಜ್: ನಾನು. ಕಚೇರಿ ಕಾಗದದಲ್ಲಿ ಹೆಂಗಸರಿಗೆಲ್ಲ ತವರಿನ ಹೆಸರೇ. ರೆಜಿಸ್ ತೀರಿಕೊಂಡ ವರ್ಷ ಹೊಸ ಒಲೆ ಎಂದು ನನ್ನ ಹೆಸರನ್ನು ನಾನೇ ಸೇರಿಸಿದ್ದೆ, ನಿಯಮದ ಪ್ರಕಾರ. ಅದೇ ಹಾಳೆಯ ಕೆಳಗೆ ತುರ್ನೂ ರೆಜಿಸ್. ಬಂದ ಪಾಲು ಒಂದು ವರ್ಷ 17, ಇನ್ನೊಂದು ವರ್ಷ 4. ನನ್ನದೇ ಅಕ್ಷರ. ಬರೆದ ನೆನಪೇ ಇಲ್ಲ.

ಸುಳ್ಳು ಒಲೆ ನಮ್ಮ ಮನೆಯದು. ಇಡೀ ಊರನ್ನು ಕಳ್ಳರಂತೆ ನೋಡಿಕೊಂಡು ಓಡಾಡಿದವಳು ನಾನು.

ಆನ್ಸೆಲ್ಮ್ ಮನೆಗೆ ಹೋಗಿ ಬಾಗಿಲಲ್ಲೇ ಕೇಳಿದೆ: "ಆ ಪಾಲು ಕಡಿದವರು ಯಾರು?"

ಅವನು ಯಾವ ಪಾಲು ಎಂದು ಕೇಳಲಿಲ್ಲ. "ನಾವೇ. ನಾನು, ಯವಾನ್, ಬೊನ್ನೋಗಳು. ನಿಂದೂ ಕಡೀತಿದ್ವಲ್ಲ, ಜೊತೇಲೇ ಅದೂ."

"ಯಾಕೆ ಹೇಳಲಿಲ್ಲ?"

"ಮೊದಲ ವರ್ಷ ನೀನು ಅವನ ಹೆಸರು ಓದಿದೆ. ಓದಿ, ಚೀಟಿ ಎತ್ತೋಕೆ ಅವನು ಬರ್ತಾನೆ ಅನ್ನೋ ಹಾಗೆ ಬಾಗಿಲು ನೋಡ್ದೆ. ಏನಂತ ಹೇಳೋದು ಮಾರಾಯ್ತಿ? ನಾನೇ ಟೋಪಿಗೆ ಕೈ ಹಾಕಿ ಎತ್ತಿದೆ. ಎರಡನೇ ವರ್ಷ ನೀನು ಬಾಗಿಲು ನೋಡಲಿಲ್ಲ, ನೇರ ನನ್ನ ಮುಖಾನೇ ನೋಡ್ದೆ. ಮತ್ತೆ ಎತ್ತಿದೆ. ಹೇಳ್ಬೇಕು ಅಂತ ನಿಮ್ಮ ಮನೆಗೂ ಬಂದೆ, ಎಷ್ಟು ಸಲ ಬಂದೆನೋ. ಬಂದಾಗೆಲ್ಲ ಕಾಫಿ ಕೊಟ್ಟೆ."

ನಾನು ಅವನ ಹೊಸ್ತಿಲ ಮೇಲೆ ಕೂತು ಅತ್ತೆ. ಎರಡು ವರ್ಷ ಒಂಬತ್ತು ತಿಂಗಳಲ್ಲಿ ಅಳು ಮುಗಿದಿದೆ ಎಂದುಕೊಂಡಿದ್ದೆ, ಶುರುವೇ ಆಗಿರಲಿಲ್ಲ. ಆನ್ಸೆಲ್ಮ್ ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತಾದ ಮೇಲೆ, "ಈಗ ನಾನು ಕಾಫಿ ಕೊಡ್ಲಾ?" ಎಂದ. ಅವನ ಕಾಫಿ ಬಾಯಿಗೆ ಇಡುವ ಹಾಗಿರಲಿಲ್ಲ.

ನವೆಂಬರ್ 19, ಬುಧವಾರ

ಫೆರ್ನಾಂ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವನ ಒಲೆಯ ಮೇಲೆ ಆಲೂಗಡ್ಡೆ ಬೇಯುತ್ತಿತ್ತು.

"ನಿನ್ನ ಒಲೆ ಯಾಕೋ ಬಿಟ್ಟುಕೊಟ್ಟೆ? ಒಂದು ಮೊಳೆ ಬಿಡೋನಲ್ಲ ನೀನು."

"ಯಾರದ್ದಾದ್ರೂ ಒಂದು ಹೆಸರು ನಿನಗೆ ಸಿಗೋವರೆಗೂ ನೀನು ಬಿಡ್ತಿರಲಿಲ್ಲ. ಹುಡುಕ್ತಾ ಹೋಗಿ ಅವನನ್ನೇ ಹಿಡಿದುಬಿಟ್ರೆ ಅಂತ."

ಗೋಡೆಯ ಆ ಕಡೆಯಿಂದ ಸಿಪ್ರಿಯೆನ್: "ನಾನು ಕೊಡ್ತೀನಿ ಅಂದೆ, ಅವನೇ ನುಗ್ಗಿದ!"

"ನಿಂದು ಕೊಟ್ರೆ ನನ್ನ ಗೋಡೆ ತಣ್ಣಗಾಗಲ್ವೇನೋ?" ಎಂದು ಫೆರ್ನಾಂ ಗೋಡೆ ಗುದ್ದಿದ.

ಕಚೇರಿಗೆ ಬಂದು ಅವನ ಹೆಸರಿನ ಮೇಲಿನ ಪೆನ್ಸಿಲ್ ಗೆರೆಯನ್ನು ಅಳಿಸಿದೆ. ಇನ್ನೊಂದು ಗೆರೆ ಎಳೆಯಬೇಕು. ಅದನ್ನು ಪೆನ್ನಿನಲ್ಲಿ ಎಳೆಯಬೇಕು. ಇವತ್ತು ಆಗಲಿಲ್ಲ.

ನವೆಂಬರ್ 22, ಶನಿವಾರ

ಚೀಟಿ ಎತ್ತುವ ದಿನ. ಕಚೇರಿಯ ಕೋಣೆ ತುಂಬಿತ್ತು, ಒದ್ದೆ ಕೋಟುಗಳ ವಾಸನೆ. ಟೋಪಿ ಆನ್ಸೆಲ್ಮ್‌ನದೇ. ನಾನು ಹೆಸರು ಓದುತ್ತ ಹೋದೆ, ಒಬ್ಬೊಬ್ಬರೇ ಬಂದು ಎತ್ತಿದರು. "ದೊದಾನ್" ಬಂದಾಗ ಎದ್ದು ನನ್ನದನ್ನು ನಾನೇ ಎತ್ತಿದೆ: 22. ಕೆಟ್ಟ ಪಾಲು, ಇಳಿಜಾರಿನಲ್ಲಿದೆ. ಎಲ್ಲರೂ ನಕ್ಕರು.

ಪೆರ್ನೋ ಆಯಿತು. ಮುಂದಿನ ಸಾಲಿಗೆ ಬಂದೆ. ಆನ್ಸೆಲ್ಮ್ ಕೈ ಟೋಪಿಯ ಹತ್ತಿರ ಹೋಗುತ್ತಿತ್ತು.

"ತುರ್ನೂ ರೆಜಿಸ್," ಎಂದು ಓದಿದೆ. "ತೀರಿಕೊಂಡಿದ್ದಾನೆ. ಈ ಒಲೆ ಇಲ್ಲ."

ಪೆನ್ನಿನಲ್ಲಿ ಗೆರೆ ಎಳೆದೆ. ಗೆರೆ ಸ್ವಲ್ಪ ಸೊಟ್ಟಗಾಯಿತು. ತಲೆ ಎತ್ತಿದಾಗ ಗಂಡಸರೆಲ್ಲ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಸಿಪ್ರಿಯೆನ್ ಮತ್ತು ಫೆರ್ನಾಂ ಒಬ್ಬರ ಪಕ್ಕ ಒಬ್ಬರು. ವಾಶೆರೆ ಅಜ್ಜಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

ವಾಶೆರೆ ಅಜ್ಜಿಯ ಚೀಟಿಯಾದ ಮೇಲೆ ಕೊನೆಯ ಹೆಸರು ಓದಿದೆ. ಮಾಯ್ವೆನ್ ಬಂದು ಟೋಪಿಯಲ್ಲಿ ಉಳಿದಿದ್ದ ಒಂದೇ ಚೀಟಿ ತೆಗೆದಳು: 9. ಹಳ್ಳದ ಪಕ್ಕದ, ಗಟ್ಟಿ ಸೌದೆಯ ಬೀಚ್ ಜಾತಿಯ ಮರಗಳು, ಊರಿಗೆಲ್ಲ ಒಳ್ಳೆಯ ಪಾಲು. "ಬ್ರಿಟನಿಯವಳ ಅದೃಷ್ಟ ನೋಡಯ್ಯ!" ಎಂದು ಫೆರ್ನಾಂ ಹೊಟ್ಟೆ ಉರಿದುಕೊಂಡ.

"ಬದಲಾಯಿಸ್ಕೊಳ್ತೀಯೇನಮ್ಮ?" ಎಂದು ಅವಳನ್ನು ಕೇಳಿದೆ. "ನಿನ್ನ ಹಸಿ ಪಾಲು ನನಗೆ, ನನ್ನ ಹತ್ರ ಇರೋ ಒಣ ಪಾಲು ನಿನಗೆ. ಎರಡು ವರ್ಷದ ಹಿಂದೆ ಕಡಿದದ್ದು. ಹದಿನೇಳನೇ ಸಂಖ್ಯೆದು."

ಅವಳು ತಲೆಯಾಡಿಸಿದಳು. ಆನ್ಸೆಲ್ಮ್ ಟೋಪಿಯನ್ನು ಹಣೆಯವರೆಗೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದ.

ನವೆಂಬರ್ 29, ಶನಿವಾರ

ಬೆಳಿಗ್ಗೆಯಿಂದ ಸೌದೆ ಸಾಗಿಸಿದೆವು. ಯವಾನ್‌ನ ಟ್ರೇಲರಿನಲ್ಲಿ ನಾಲ್ಕು ಸಲ. ಬೊನ್ನೋಗಳು ಎರಡು ಬೇರೆ ಬೇರೆ ಸಾಲು ಜೋಡಿಸಿ, ಯಾರ ಸಾಲು ನೆಟ್ಟಗಿದೆ ಎಂದು ಮಧ್ಯಾಹ್ನದವರೆಗೆ ಜಗಳವಾಡಿದರು. ಬರುವ ವಾರ ಮಾಯ್ವೆನ್ ನನಗೆ ಗರಗಸ ಹಿಡಿಯುವುದು ಕಲಿಸುತ್ತಾಳಂತೆ. ನನ್ನ ಪಾಲು ಈ ಸಲ ನಾನೇ ಕಡಿಯುತ್ತೇನೆ ಎಂದದ್ದಕ್ಕೆ ಆನ್ಸೆಲ್ಮ್, "ಕಾಲು ಜೋಪಾನ, ಪಟ್ಟಿ ಬರೆಯೋಕೆ ಬೇಡದಿದ್ರೂ ನಡೆಯೋಕೆ ಬೇಕು," ಎಂದ.

ಕೊಟ್ಟಿಗೆಯ ಅರ್ಧ ಖಾಲಿಯಾಗಿದೆ. ನೆಲದ ಮೇಲೆ ರೆಜಿಸ್‌ನ ಹಳೇ ಕೈಗವಸು ಒಂದು ಸಿಕ್ಕಿತು. ಒಗೆದು ಒಣಹಾಕಿದ್ದೇನೆ. ನನ್ನ ಕೈಗೆ ದೊಡ್ಡದು, ಆದರೆ ಕೆಲಸಕ್ಕಾಗುತ್ತದೆ.

ಪರಿಚಯದ ಪುಟ ಹೊಸದಾಗಿ ಬರೆದೆ. ಹಳಿಯ ಮೇಲೆ ನಡೆಯುವ ಹಸುಗಳು, ಅಡುಗೆಮನೆಯ ನಡುವಿನ ಗೋಡೆ, ಬಟ್ಟೆ ಒಣಹಾಕುವ ಅಜ್ಜಿ, ಎಲ್ಲ ಬಂತು. "ಊರಿನ ವಿಶೇಷ" ಎಂಬಲ್ಲಿ ಬರೆದೆ: "ಇಲ್ಲಿ ಸತ್ತವನ ಒಲೆಗೂ ಎರಡು ವರ್ಷ ಸೌದೆ ಕಡಿದು ಕೊಡುತ್ತಾರೆ." ಯವಾನ್ ಓದಿ ಗಾಬರಿಯಾದ.

"ಇದನ್ನ ಅಚ್ಚು ಹಾಕ್ಸಿದ್ರೆ ನಮ್ಮ ಮೇಲೆ ಕೇಸು ಬೀಳುತ್ತೆ, ಸೊಲಾಂಜ್!"

ಸರಿ ಎಂದು ನಾನೇ ಹೊಡೆದುಹಾಕಿದೆ. ಮೇಲೆ ಮೊದಲು ಬರೆದಿದ್ದ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿದೆ. ಜನ 68 ಎಂಬುದನ್ನು 69 ಮಾಡಿದೆ. ಒಲೆ 31 ಎಂಬುದನ್ನು ಹಾಗೇ ಬಿಟ್ಟೆ.

ಬೆಳಕಿರುವಾಗಲೇ ದಿಬ್ಬ ಹತ್ತಿ ಎಣಿಸಿ ಬಂದೆ. ಗೇಟಿನ ಮನೆಯ ಹೊಗೆ ತೆಳ್ಳಗೆ, ಬೆಳ್ಳಗೆ, ನೆಟ್ಟಗೆ ಏಳುತ್ತಿತ್ತು. ಕಿಟಕಿ ಮಾತ್ರ ತೆರೆದೇ ಇತ್ತು. ಒಲೆ ಉರಿಸಿಕೊಂಡು ಕಿಟಕಿ ತೆಗೆದಿಡುವವಳು ಇವಳೂ! ನಾಳೆ ಹೋಗಿ ಜಗಳವಾಡಬೇಕು.

ಮನೆಗೆ ಬಂದು ಒಂದು ಬಟ್ಟಲು ಇಳಿಸಿ ಗಂಜಿ ಕುಡಿದೆ.